ಹಂಪವ್ವನ ಮೋಟರಿನ ತಾಮ್ರ

ಗಿಣಿಗೇರಾದ ಹಂಪವ್ವನ ಮನೆಗೆ ಗ್ಯಾಸ್ ಸಿಲಿಂಡರ್ ಇಳಿಸಬೇಕಾದರೆ ಗಾಡಿಯವನು ಎರಡು ಸಲ ಯೋಚನೆ ಮಾಡುತ್ತಾನೆ. ಪಡಸಾಲೆಯ ತೊಲೆಗೆ ಅವಳು ಒಂದು ಕೊಕ್ಕೆ ತಕ್ಕಡಿ ತೂಗುಹಾಕಿದ್ದಾಳೆ. ಸಿಲಿಂಡರು ಅದರಲ್ಲಿ ತೂಗಿ ಇಳಿಯುವತನಕ ಅವನಿಗೆ ಬಿಡುಗಡೆಯಿಲ್ಲ. ಉಳ್ಳಾಗಡ್ಡಿ, ಬೆಲ್ಲ, ಸೊಸೆ ತವರಿನಿಂದ ತಂದ ಶೇಂಗಾ, ಕೊನೆಗೆ ಗುಡಿಯಿಂದ ಬಂದ ಕೊಬ್ಬರಿ ಬಟ್ಟಲು ಕೂಡ ಆ ಕೊಕ್ಕೆಗೆ ಒಮ್ಮೆ ನೇತುಬಿದ್ದೇ ಒಳಗೆ ಹೋಗಬೇಕು. ಓಣಿಯವರು ಅವಳ ಬೆನ್ನ ಹಿಂದೆ ‘ತಾ ಕಳ್ಳಿ ಪರರ ನಂಬಳು’ ಅನ್ನುತ್ತಾರೆ. ಆ ಮಾತು ಮಾತ್ರ ಸುಳ್ಳು. ಸರಕಾರಿ ಸಾಲೆಯಲ್ಲಿ ಹದಿನೆಂಟು ವರ್ಷದಿಂದ ಬಿಸಿಯೂಟ ಬೇಯಿಸುತ್ತಿರುವ ಹೆಂಗಸು ಒಂದು ಹಿಡಿ ಬೇಳೆಯನ್ನೂ ಸೆರಗಿಗೆ ಕಟ್ಟಿಕೊಂಡವಳಲ್ಲ. ಅವಳಿಗೆ ಬೇರೆಯವರದು ಬೇಡ, ತನ್ನದು ಹೋಗಬಾರದು, ಅಷ್ಟೇ.

ಈ ಗುಣ ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ವಿರುಪಣ್ಣ ದನದ ದಲಾಲಿ. ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಮಾಡುತ್ತಿದ್ದವನು, ಒಬ್ಬಳೇ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಆ ವಿದ್ಯೆಯನ್ನೆಲ್ಲ ಅವಳ ತಲೆಗೆ ತುಂಬಿದ್ದ. ಮಾರುವವನ ಬಾಯಿ ಕೇಳಬೇಡ, ದನದ ಬಾಯಿ ತೆಗೆದು ನೋಡು. ಕೇಳದೆ ಇರುವಾಗ ಆಣೆ ಮಾಡುವವನ ಹತ್ತಿರ ನಿಲ್ಲಲೇ ಬೇಡ. ಎಮ್ಮೆ ಕೊಳ್ಳುವುದಾದರೆ ಎರಡು ಹೊತ್ತಿನ ಹಾಲು ನಿನ್ನೆದುರಿಗೇ ಹಿಂಡಿಸಿ ನೋಡು, ಯಾಕೆಂದರೆ ಒಂದು ಹೊತ್ತು ಹಿಂಡದೆ ಬಿಟ್ಟರೆ ಬತ್ತಿದ ಎಮ್ಮೆಯ ಕೆಚ್ಚಲೂ ತುಂಬಿದಂತೆ ಕಾಣುತ್ತದೆ. ವಿರುಪಣ್ಣ ಹೋಗಿ ಮೂವತ್ತು ವರ್ಷವಾಯಿತು. ‘ವಿರುಪಣ್ಣನ ಮಗಳಿಗೆ ಟೋಪಿ ಹಾಕಾವ ಇನ್ನ ಹುಟ್ಟಿಲ್ಲ’ ಎಂಬ ಮಾತನ್ನು ಹಂಪವ್ವ ವಾರಕ್ಕೊಮ್ಮೆಯಾದರೂ ಆಡದೆ ಇರುವುದಿಲ್ಲ.

ಮೇಯಿಸುವ ಬಯಲು ಕಡಿಮೆಯಾಗಿ ಹೊಟ್ಟು ತುಟ್ಟಿಯಾದಾಗ ಅವಳು ಮನೆಯ ಕೊನೆಯ ಎಮ್ಮೆಯನ್ನು ಮಾರಿದಳು. ಆಗಷ್ಟೇ ಮಗ ಪರಮೇಶ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆ ಸೇರಿದ್ದ. ಅವನ ಅರಿವೆಗಳನ್ನು ಕಲ್ಲಿಗೆ ಬಡಿದು ಬಡಿದು ಅವಳ ಮಣಿಕಟ್ಟು ಬಾತಿತ್ತು. ಎಮ್ಮೆ ಮಾರಿದ ದುಡ್ಡಿನಲ್ಲಿ ಕೊಪ್ಪಳದಿಂದ ಎರಡು ಡಬ್ಬಿಯ ವಾಶಿಂಗ್ ಮಷಿನ್ ತಂದಳು, ಒಂದು ಡಬ್ಬಿಯಲ್ಲಿ ಒಗೆಯುವುದು, ಇನ್ನೊಂದರಲ್ಲಿ ಹಿಂಡುವುದು. ಅಂಗಡಿಯವನು ಎದೆ ಮೇಲೆ ಕೈಯಿಟ್ಟು, ‘ಅಪ್ಪಟ ತಾಮ್ರದ ಮೋಟರ್ ರಿ ಅಮ್ಮಾರ, ನನ್ನ ಮಕ್ಕಳಾಣೆ’ ಅಂದಿದ್ದ. ಹಂಪವ್ವ ಅಷ್ಟಕ್ಕೇ ಬಿಡಲಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಅಂಗಡಿಯಲ್ಲೇ ನೀರು ತುಂಬಿಸಿ ತಾನು ಒಯ್ದಿದ್ದ ಕೊಳೆ ಅರಿವೆ ಹಾಕಿಸಿ ಓಡಿಸಿ ನೋಡಿದಳು. ಎರಡು ಹೊತ್ತಿನ ಹಾಲು ಸರಿಯಾಗಿ ಬಂದ ಮೇಲೇ ದುಡ್ಡು ಕೊಟ್ಟಳು. ಎಮ್ಮೆ ಕಟ್ಟುತ್ತಿದ್ದ ಜಾಗದಲ್ಲೇ ಮಷಿನ್ ನಿಂತಿತು. ಹದಿನಾಲ್ಕು ವರ್ಷ ನಿಂತಿತ್ತು.

ಆ ಹದಿನಾಲ್ಕು ವರ್ಷದಲ್ಲಿ ಹನ್ನೊಂದು ವರ್ಷ ಅದರ ರಿಪೇರಿಗೆ ಬಂದವನು ಕೊಪ್ಪಳದ ಯಮನೂರಸಾಬ ಒಬ್ಬನೇ. ಬಸ್‌ಸ್ಟ್ಯಾಂಡಿನ ಹಿಂದೆ ತಗಡಿನ ಶೆಡ್ಡು ಹಾಕಿಕೊಂಡಿರುವ ಮಿತಭಾಷಿ. ಗಿಣಿಗೇರಾದ ಅರ್ಧ ಊರಿನ ಮಷಿನ್, ಮಿಕ್ಸಿ, ಫ್ಯಾನು ಅವನ ಕೈಯಲ್ಲೇ ಬದುಕಿದ್ದವು. ಅವನು ಸ್ಕ್ರೂ ಬಿಚ್ಚುವಾಗ ಹಂಪವ್ವ ಮೊಣಕಾಲೂರಿ ಪಕ್ಕದಲ್ಲೇ ಕೂರುತ್ತಿದ್ದಳು. ಬಿಚ್ಚಿದ ಸ್ಕ್ರೂ ಎಷ್ಟು, ಹಾಕಿದ್ದು ಎಷ್ಟು ಎಂದು ಬೆರಳು ಮಡಿಸುತ್ತಿದ್ದಳು. ಅವನು ಅದಕ್ಕೆ ಒಮ್ಮೆಯೂ ಬೇಸರಪಟ್ಟವನಲ್ಲ.

ಸೊಸೆ ಸುನಿತಾ ಯಲಬುರ್ಗಾ ಕಡೆಯವಳು. ಮದುವೆಯಾಗಿ ಬಂದು ಐದು ವರ್ಷ. ಅಲ್ಲಿತನಕ ಪರಮೇಶ ತಾನೇ ಮಾಡಿಕೊಳ್ಳುತ್ತಿದ್ದ ಒಂದು ಕೆಲಸ ಅವಳ ಪಾಲಿಗೆ ಬಂದಿತ್ತು. ಗಂಡ ಪಾಳಿ ಮುಗಿಸಿ ಬಂದಾಗ ಅವನ ಅರಿವೆಗಳನ್ನು ಹಿತ್ತಲ ಗೋಡೆಗೆ ಝಾಡಿಸಿ, ಕಪ್ಪು ಧೂಳು ಉದುರಿದ ಮೇಲೇ ಮಷಿನ್ನಿಗೆ ಹಾಕುತ್ತಿದ್ದಳು. ಒಂದು ದಿನ ಹಂಪವ್ವ ಹಿತ್ತಲ ಬಾಗಿಲಿನಿಂದ ನೋಡುತ್ತಿದ್ದಾಗ ಸುನಿತಾ ಪ್ಯಾಂಟಿನ ಕಿಸೆಯಿಂದ ಏನನ್ನೋ ತೆಗೆದು, ಅತ್ತಿತ್ತ ನೋಡಿ, ಕುಪ್ಪಸದೊಳಗೆ ಇಟ್ಟುಕೊಂಡಳು.

ಹಂಪವ್ವ ಬಾಗಿಲಿನಿಂದ ಹಿಂದೆ ಸರಿದಳು. ಮಗನ ಸಂಬಳ ಕಿಸೆಯಿಂದ ಕಿಸೆಗೆ ಎಲ್ಲಿಗೆ ಹರಿಯುತ್ತಿದೆ ಎಂಬುದು ತನಗೆ ಗೊತ್ತಾಯಿತು ಅಂದುಕೊಂಡಳು. ಬಾಯಿಬಿಟ್ಟು ಕೇಳಲಿಲ್ಲ. ಮರುದಿನ ಒಂದು ಹುಕುಂ ಹೊರಡಿಸಿದಳು.

“ಇವತ್ತಿಂದ ಅಂವನ ಅರಿವಿ ಝಾಡಿಸೋದು ಬ್ಯಾಡ. ಬಿಚ್ಚಿಟ್ಟಂಗ ತಂದು ನನ್ನ ಮುಂದ ಇಡು. ಕಿಸೆ ನಾ ನೋಡ್ತೀನಿ, ಮಷಿನ್ನಿಗೆ ನೀ ಹಾಕು.”

“ಅತ್ತೀ, ಧೂಳ ಭಾಳ ಇರ್ತೈತ್ರಿ,” ಅಂದಳು ಸುನಿತಾ.

“ಧೂಳ ತೊಳಿಯಾಕ ಅಲ್ಲೇನು ಮಷಿನ್ ಇರೋದು?”

ಅಂದಿನಿಂದ ಹಂಪವ್ವ ದಿನವೂ ಕಿಸೆ ತಡಕಿದಳು. ಏನೂ ಸಿಗಲಿಲ್ಲ. ಏನೂ ಸಿಗದಿದ್ದದ್ದೇ ಅವಳಿಗೆ ದೊಡ್ಡ ಸಾಕ್ಷಿಯಾಯಿತು. ಗಂಡ ಹೆಂಡತಿ ಮೊದಲೇ ಮಾತಾಡಿಕೊಂಡು ಹುಷಾರಾಗಿದ್ದಾರೆ ಅಂತ ತೀರ್ಮಾನ ಮಾಡಿದಳು.

ಇದಾದ ಐದಾರು ತಿಂಗಳಿಗೆ ಮಷಿನ್ ಗೊರಗೊರ ಅನ್ನತೊಡಗಿತು. ಯಮನೂರಸಾಬ ಬಂದು ಒಂದು ಸೀಲು ಬದಲಿಸಿ ಹೋದ. ಎರಡು ತಿಂಗಳಿಗೆ ಮತ್ತೆ ನಿಂತಿತು. ಈ ಸಲ ಅವನು ಮೋಟರನ್ನೇ ಬಿಚ್ಚಿದ.

“ಲೇತ್ ಅಂಗಡಿಗೆ ಒಯ್ದು ಬೇರಿಂಗ್ ಹಾಕಸ್ಬೇಕ್ರಿ ಯವ್ವಾ. ಎರಡ ದಿನದಾಗ ತರ್ತೀನಿ.”

ಹನ್ನೊಂದು ವರ್ಷದಲ್ಲಿ ಮೋಟರು ಮನೆಯ ಹೊಸಿಲು ದಾಟುವುದು ಅದೇ ಮೊದಲು. ಹಂಪವ್ವ ಅವನಿಗೆ ಚಹಾ ಕೊಟ್ಟು ಕೂರಿಸಿ, ಮೋಟರನ್ನು ಒಳಗೆ ಒಯ್ದು ಕೊಕ್ಕೆಗೆ ಹಾಕಿ ತೂಗಿದಳು. ಅದರ ತಳಕ್ಕೆ ಮೊಳೆಯಿಂದ ಒಂದು ಗುರುತು ಗೀರಿದಳು. ಎರಡು ಗೆರೆ ಅಡ್ಡ, ನಡುವೆ ಒಂದು ಚುಕ್ಕೆ, ಅವಳಪ್ಪ ತಾನು ವ್ಯಾಪಾರ ಮಾಡಿಸಿದ ಎತ್ತಿನ ಕೋಡಿಗೆ ಹಾಕುತ್ತಿದ್ದ ಗುರುತು.

ಮೋಟರು ಹೇಳಿದ ದಿನಕ್ಕೆ ವಾಪಸು ಬಂತು, ಬೆಳ್ಳಿ ಬಣ್ಣ ಬಳಿದುಕೊಂಡು ಹೊಳೆಯುತ್ತ. ತಳದಲ್ಲಿ ಗುರುತಿರಲಿಲ್ಲ. ಯಮನೂರಸಾಬ ಕೈ ತೊಳೆಯಲು ಹೋದಾಗ ಹಂಪವ್ವ ತೂಗಿ ನೋಡಿದಳು. ಪಾವು ಕಿಲೋ ಕಡಿಮೆ ಇತ್ತು.

ಅವಳು ಆಗಲೂ ಬಾಯಿಬಿಡಲಿಲ್ಲ. ಕಳ್ಳನನ್ನು ಎಚ್ಚರಿಸಿ ಹಿಡಿಯುವುದುಂಟೇ. ಮನಸ್ಸಿನೊಳಗೇ ಗಂಟು ಹಾಕಿಟ್ಟುಕೊಂಡಳು.

ಮೂರು ತಿಂಗಳು ಕಳೆಯುವಷ್ಟರಲ್ಲಿ ಮಷಿನ್ ಪೂರಾ ಕೆಟ್ಟು ನಿಂತಿತು. ಯಮನೂರಸಾಬ ಬಂದು ಹಿಂದಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದ. ಟಾರ್ಚ್ ಆರಿಸಿ ಮುಚ್ಚಳವನ್ನು ಪಕ್ಕಕ್ಕಿಟ್ಟ.

“ಯವ್ವಾ, ಇನ್ನ ಇದಕ್ಕ ಖರ್ಚ ಮಾಡಬ್ಯಾಡ್ರಿ. ಹೊಸಾದು ತಗೋರಿ.”

“ಹೋದ ವರ್ಷ ಇನ್ನ ಐದು ವರ್ಷಕ್ಕ ಮೋಸಿಲ್ಲ ಅಂದಿದ್ದೆಲ್ಲೋ.”

“ಹೋದ ವರ್ಷ ಹಂಗ ಇತ್ರಿ.”

“ಒಂದ ವರ್ಷದಾಗ ಅಂಥಾದ್ದೇನಾತು ಅದಕ್ಕ?”

ಯಮನೂರಸಾಬ ಬಾಗಿಲ ಹತ್ತಿರ ನಿಂತಿದ್ದ ಸುನಿತಾಳ ಕಡೆ ಒಮ್ಮೆ ನೋಡಿದ. ಆಮೇಲೆ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ನೋಡುತ್ತ, “ಹಳೇದಾತಲ್ರಿ, ಅಷ್ಟ. ಬೇಕಾದ್ರ ಹಳೇದು ನಾ ಒಯ್ತೀನಿ, ಸಣ್ಣಪುಟ್ಟ ಸಾಮಾನಿಗೆ ಬರ್ತೈತಿ,” ಅಂದ.

ಆ ಒಂದು ನೋಟವನ್ನು ಹಂಪವ್ವ ಬಿಡಲಿಲ್ಲ. ಇವರಿಬ್ಬರ ನಡುವೆ ಏನೋ ಒಪ್ಪಂದವಿದೆ. ಸೊಸೆಗೆ ಹೊಸ ಮಷಿನ್ ಬೇಕು, ಇವನಿಗೆ ಹಳೆಯದು ಬೇಕು. ಚಲೋ ಜೋಡಿ.

ಆದರೂ ದಲಾಲಿಯ ಮಗಳು, ಸಂತೆ ಸುತ್ತದೆ ನಿರ್ಧಾರ ಮಾಡುವವಳಲ್ಲ. ಭಾನುವಾರ ಒಂದು ಚೀಲದಲ್ಲಿ ಪರಮೇಶನ ಎರಡು ಜೊತೆ ಕೊಳೆ ಅರಿವೆ ತುಂಬಿಕೊಂಡು ಕೊಪ್ಪಳದ ಒಂದು ದೊಡ್ಡ ಅಂಗಡಿಗೆ ಹೋದಳು. ಹಳೆ ಅಂಗಡಿ ಎಂದೋ ಮುಚ್ಚಿಹೋಗಿತ್ತು. ಹೊಸದರಲ್ಲಿ ಎಸಿ ಇತ್ತು, ಕೂರಲು ಸೋಫಾ ಇತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಓಡಿಸಿ ತೋರಿಸಬೇಕು ಎಂದು ಅವಳು ಚೀಲ ಬಿಚ್ಚಿದಾಗ ಅಂಗಡಿಯವನು ನಗುವುದೋ ಅಳುವುದೋ ತಿಳಿಯದೆ ನಿಂತ. ಆಮೇಲೆ ಸಮಾಧಾನ ಮಾಡುವ ದನಿಯಲ್ಲಿ, “ನಿಮ್ಮ ಹಳೇ ಮಷಿನ್ ಕೊಟ್ಟುಬಿಡ್ರಿ ಅಮ್ಮಾರ, ಅದಕ್ಕೂ ಒಂದಿಷ್ಟು ಹಿಡಿತೀವಿ,” ಅಂದ.

“ಸತ್ತದ್ದನ್ನ ತಗೊಂಡು ನೀವೇನ ಮಾಡ್ತೀರಿ?”

“ಹಳೇ ಮೋಟರಿನಾಗ ತಾಮ್ರ ಇರ್ತೈತಲ್ರಿ.”

ಹಂಪವ್ವ ಚೀಲದ ಬಾಯಿ ಕಟ್ಟಿಕೊಂಡು ಎದ್ದಳು. ಕೊಪ್ಪಳದಿಂದ ಗಿಣಿಗೇರಾಕ್ಕೆ ಬರುವ ಬಸ್ಸಿನಲ್ಲಿ ಅವಳ ಲೆಕ್ಕವೆಲ್ಲ ಕೂಡಿಬಂತು. ಪಾವು ಕಿಲೋ ಎಲ್ಲಿಗೆ ಹೋಯಿತು, ಗುರುತು ಯಾಕೆ ಅಳಿಯಿತು, ಹಳೆಯದನ್ನು ತಾನೇ ಒಯ್ಯುತ್ತೇನೆಂದು ಅವನು ಯಾಕೆ ಅಂದ, ಎಲ್ಲ. ಅರ್ಧ ತಾಮ್ರ ಆಗಲೇ ಬಿಚ್ಚಿಕೊಂಡಿದ್ದಾನೆ, ಉಳಿದರ್ಧಕ್ಕೆ ಈಗ ಕೈಚಾಚಿದ್ದಾನೆ. ಹನ್ನೊಂದು ವರ್ಷ ಚಹಾ ಕುಡಿದ ಮನೆಗೆ ಕನ್ನ.

ಅವರ ಓಣಿಯಲ್ಲಿ ನಳ ದಿನ ಬಿಟ್ಟು ದಿನ ಬರುತ್ತದೆ. ಮರುದಿನ ಕೊಡಗಳ ಸಾಲಿನಲ್ಲಿ ನಿಂತು ಹಂಪವ್ವ ಎಲ್ಲರಿಗೂ ಕೇಳುವಂತೆ ಹೇಳಿದಳು.

“ಯಮನೂರಸಾಬ ನನ್ನ ಮೋಟರಿನ ತಾಮ್ರ ಕದ್ದಾನ. ಒಯ್ಯೋ ಮುಂದ ತೂಗಿದ್ದೆ, ತಂದ ಮ್ಯಾಲೆ ತೂಗೀನಿ. ತಕ್ಕಡಿ ಸುಳ್ಳ ಹೇಳಂಗಿಲ್ಲ.”

ಬೇರೆ ಯಾರಾದರೂ ಹೇಳಿದ್ದರೆ ನಂಬಲು ನಾಲ್ಕು ದಿನ ಬೇಕಾಗುತ್ತಿತ್ತು. ಹೇಳಿದವಳು ಹಂಪವ್ವ, ಸಾಕ್ಷಿ ಅವಳ ತಕ್ಕಡಿ. ಸಾಲಿನಲ್ಲಿದ್ದ ಹಸನಬೀ ಅವತ್ತೇ ಶೆಡ್ಡಿಗೆ ಆಳು ಕಳಿಸಿ ಅರ್ಧ ಬಿಚ್ಚಿದ್ದ ತನ್ನ ಮಷಿನ್ನನ್ನು ಹಾಗೇ ವಾಪಸು ತರಿಸಿಕೊಂಡಳು. ಅವಳ ಹಿಂದೆ ನಿಂತಿದ್ದ ಫಕೀರಮ್ಮನಿಗೆ ತನ್ನ ಮಿಕ್ಸಿ ರಿಪೇರಿಯಾದ ಮೇಲೆ ಹಗುರಾಗಿದೆ ಎಂಬುದು ಎರಡು ವರ್ಷದ ನಂತರ ಹೊಳೆಯಿತು. ವಾರದೊಳಗೆ ಯಮನೂರಸಾಬನ ಬೈಕು ಗಿಣಿಗೇರಾದ ಓಣಿಗಳಿಗೆ ಬರುವುದು ನಿಂತಿತು. ಒಬ್ಬ ಮನುಷ್ಯನ ಹೊಟ್ಟೆಪಾಡು ಒಂದು ಕೊಡ ನೀರು ತುಂಬುವಷ್ಟರಲ್ಲಿ ಮುರಿದುಬಿತ್ತು.

“ಅತ್ತೀ, ಕುಷ್ಟಗಿಯಿಂದ ಬ್ಯಾರೆ ಮೆಕ್ಯಾನಿಕ್‌ನ್ನ ಕರಸ್ತಾರಂತ್ರಿ ಎಲ್ಲಾರೂ,” ಸುನಿತಾ ರೊಟ್ಟಿ ಬಡಿಯುತ್ತ ಹೇಳಿದಳು. “ಪಾಪ, ಯಮನೂರಣ್ಣ ಅಂಥಾವ ಅಲ್ರಿ.”

“ನಿನಗ್ಯಾಕ ಅಷ್ಟ ಸಂಕಟ?”

ಸುನಿತಾ ರೊಟ್ಟಿ ತಿರುವಿ ಹಾಕಿದಳು.

ಈ ಮಾತಾದ ಮೂರನೆಯ ದಿನ ಮಧ್ಯಾಹ್ನ, ಹಂಪವ್ವ ಸಾಲೆಯಿಂದ ಬಂದು ಕಾಲು ಚಾಚಿ ಕೂತಿದ್ದಾಗ ಯಮನೂರಸಾಬ ಬಂದ. ಹೊಸಿಲ ಹೊರಗೇ ನಿಂತ. ಸಿಟ್ಟಿಲ್ಲ, ಅಳುಮೋರೆಯೂ ಇಲ್ಲ. ನಿದ್ದೆಗೆಟ್ಟವನ ಕಣ್ಣು ಮಾತ್ರ.

“ಯವ್ವಾ, ಒಂದ ಸಲ ನಿಮ್ಮ ಕಣ್ಣ ಮುಂದ ಬಿಚ್ಚಿ ತೋರಸ್ತೀನಿ. ಆಮ್ಯಾಲೆ ನಿಮಗ ತಿಳಿದಂಗ ಅನ್ರಿ.”

ಆಣೆ ಮಾಡುತ್ತಾನೆ, ಮಕ್ಕಳ ಹೆಸರು ತೆಗೆಯುತ್ತಾನೆ ಎಂದು ಹಂಪವ್ವ ಕಾದಳು. ಅವನು ಅಂಥದ್ದೇನೂ ಮಾಡದೆ ಮಷಿನ್ನಿನ ಮುಂದೆ ಕೂತು, ಒಗೆಯುವ ಡಬ್ಬಿಯ ತಳದಲ್ಲಿ ತಿರುಗುವ ಚಕ್ರವನ್ನು ಬಿಚ್ಚಿದ. ಅದರ ಅಡಿಯಿಂದ ಬೆರಳಲ್ಲಿ ಏನನ್ನೋ ತೋಡಿದ.

“ಅಂಗೈ ಹಿಡೀರಿ.”

ಹಂಪವ್ವನ ಅಂಗೈ ಮೇಲೆ ಒಂದು ಮುದ್ದೆ ಬಿತ್ತು. ಕಪ್ಪು, ಒದ್ದೆ, ಗಾತ್ರಕ್ಕೆ ಮೀರಿದ ಭಾರ. ಯಮನೂರಸಾಬ ಕಿಸೆಯಿಂದ ಹಳೆ ಸ್ಪೀಕರಿನ ಅಯಸ್ಕಾಂತದ ತುಂಡು ತೆಗೆದು ಹತ್ತಿರ ಹಿಡಿದ. ಮುದ್ದೆ ಕೂದಲು ನಿಮಿರಿದಂತೆ ಎದ್ದು ಅದಕ್ಕೆ ಅಂಟಿಕೊಂಡಿತು.

“ಕಬ್ಬಿಣದ ಧೂಳ್ರಿ. ಅರಿವಿ ಝಾಡಿಸದ ಹಾಕಿದ್ರ ಇದು ತಳಕ್ಕ ಕೂಡ್ತೈತಿ, ಸೀಲು ಸವಿಸ್ತೈತಿ. ಸೀಲು ಸವೆದ್ರ ನೀರು ಮೋಟರಿಗೆ ಇಳೀತೈತಿ. ಮೋಟರಿನ ಮೈಗೆ ಇದ ಮೆತ್ತಿ ಸಿಮೆಂಟಿನಂಗ ಬಿಗದಿತ್ತು. ಕೆರದು ತೆಗದೆ, ಜಂಗು ತಿಕ್ಕಿದೆ, ಬಣ್ಣ ಹೊಡದೆ. ನಿಮ್ಮ ಪಾವು ಕಿಲೋ ಅಲ್ಲಿ ಹೋತು. ತಳಕ್ಕ ಗುರುತಿತ್ತೇನೋ, ನಾ ನೋಡಲಿಲ್ಲ.”

“ಇದನ್ನ ಅವತ್ತ ಯಾಕ ಹೇಳಲಿಲ್ಲ?”

ಅವನು ತಲೆ ತಗ್ಗಿಸಿದ. “ಹೇಳಿದ್ರ ಸೊಸಿನ್ನ ಬೈತಿದ್ರಿ. ಪಾಪ, ಸಣ್ಣಾಕಿ, ಝಾಡಿಸೋದು ಮರತಿರಬೇಕು ಅಂದ್ಕೊಂಡೆ.”

ಸುನಿತಾ ಬಾಗಿಲಿಗೆ ಒರಗಿ ನಿಂತಿದ್ದಳು. ‘ನಾನಲ್ಲ, ಅತ್ತೇನ ಬ್ಯಾಡ ಅಂದ್ರು’ ಎಂದು ಅವಳು ಹೇಳಲಿ ಎಂದು ಹಂಪವ್ವ ಕಾದಳು. ಹೇಳಿದ್ದರೆ ಜಗಳ ತೆಗೆದು ಹಗುರಾಗಬಹುದಿತ್ತು. ಸುನಿತಾ ಹೇಳಲಿಲ್ಲ. ಅಂಗೈಯ ಕಪ್ಪು ನೀರು ಹಂಪವ್ವನ ಮಣಿಕಟ್ಟಿಗೆ ಇಳಿಯಿತು. ಅವಳಿಗೆ ನಾಚಿಕೆಯಾಯಿತು. ಎಷ್ಟೋ ವರ್ಷದ ಮೇಲೆ ಆದ ನಾಚಿಕೆ, ಎಲ್ಲಿಡಬೇಕೆಂದು ತಿಳಿಯಲಿಲ್ಲ.

“ಆಕಿ ಮರತಿಲ್ಲ,” ಅಂದಳು. “ನಾನ ಬ್ಯಾಡ ಅಂದಿದ್ದೆ.”

ಅವನು ಹೋದ ಮೇಲೆ ಸೊಸೆಯನ್ನು ಕರೆದು, ಅವತ್ತು ಕಿಸೆಯಿಂದ ತೆಗೆದು ಕುಪ್ಪಸದಲ್ಲಿ ಇಟ್ಟುಕೊಂಡದ್ದು ಏನು ಎಂದು ಕೇಳಿದಳು.

“ಗುಟ್ಕಾ ಚೀಟ್ರಿ ಅತ್ತೀ,” ಅಂದಳು ಸುನಿತಾ. “ಬಿಟ್ಟೀನಂತ ನಿಮ್ಮ ಮುಂದ ಹೇಳಿದ್ರಲ್ಲ ಅವರು. ನಿಮಗ ಸಿಕ್ರ ಮನ್ಯಾಗ ಜಗಳಾ ಆಗ್ತಿತ್ತು.”

ಹಂಪವ್ವನ ಸಂಶಯ ಪೂರಾ ಸುಳ್ಳಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಎಲ್ಲರೂ ತನ್ನಿಂದ ಏನನ್ನೋ ಮುಚ್ಚಿಡುತ್ತಾರೆ ಎಂದು ಅವಳಿಗೆ ಅನಿಸುತ್ತಿತ್ತು, ಮುಚ್ಚಿಡುತ್ತಲೂ ಇದ್ದರು. ಅವಳಿಗೆ ಹೆದರಿ ಮುಚ್ಚಿಡುತ್ತಿದ್ದರು.

ಮುಂದಿನ ನಳದ ದಿನ ಅವಳು ಎಲ್ಲರಿಗಿಂತ ಮೊದಲು ಹೋಗಿ ನಿಂತಳು. ಯಮನೂರಸಾಬ ತಾಮ್ರ ಮುಟ್ಟಿಲ್ಲ, ಧೂಳಿನ ತೂಕ ಅದು, ತಪ್ಪು ನನ್ನದು ಎಂದಳು. ಮಾತು ಮುಗಿಯುವುದರೊಳಗೆ ಫಕೀರಮ್ಮ ಕೊಡದ ಮೇಲೆ ಕೈಯಿಟ್ಟು ನಕ್ಕಳು.

“ಪುಕ್ಕಟ ರಿಪೇರಿ ಮಾಡಿಕೊಡ್ತೀನಿ ಅಂದ್ನೇನು, ಹಂಪಕ್ಕ?”

“ಛೀ, ಹಂಗಲ್ಲ.”

“ಮತ್ತ್ಹೆಂಗ? ತಕ್ಕಡಿ ಸುಳ್ಳ ಹೇಳಂಗಿಲ್ಲ ಅಂತ ನೀನ ಅಂದಿದ್ದಿ,” ಅಂದಳು ಹಸನಬೀ. “ಅಂವ ಮನಿಗೆ ಬಂದು ಹೋಗಿದ್ದು ನಾವೂ ನೋಡೀವಿ. ನಿನಗ ಏನ ಮುಟ್ಟಿಸ್ಯಾನ, ಅದನ್ನ ಹೇಳು.”

ನಳದ ಕಟ್ಟೆಯೆಲ್ಲ ನಕ್ಕಿತು. ಹಂಪವ್ವನಿಗೆ ಕಪಾಳಕ್ಕೆ ಹೊಡೆಸಿಕೊಂಡಂತಾಯಿತು. ಹದಿನೆಂಟು ವರ್ಷ ಸಾಲೆಯ ಬೇಳೆ ಮುಟ್ಟದವಳು ಲಂಚ ತಿಂದವಳಾಗಿದ್ದಳು. ಹೇಗೆ ಸಂಶಯಪಡಬೇಕು ಎಂಬುದನ್ನು ಈ ಓಣಿಗೆ ಇಷ್ಟು ವರ್ಷ ಕಲಿಸಿದವಳು ತಾನೇ, ಪಾಠ ಚೆನ್ನಾಗಿ ಹತ್ತಿತ್ತು. ತನ್ನ ಹೆಸರು ಹೋದರೆ ಹೋಗಲಿ ಅನ್ನುವಂತೆಯೂ ಇರಲಿಲ್ಲ, ಅವನ ಹೆಸರು ಅದಕ್ಕಿಂತ ಕೆಳಗೆ ಬಿದ್ದಿತ್ತು. ಎತ್ತಬೇಕಾದವಳು ತಾನೊಬ್ಬಳೇ.

ಎರಡು ದಿನ ಯೋಚಿಸಿ ಒಂದು ಉಪಾಯ ಮಾಡಿದಳು. ಓಣಿಯ ಗಾಳೆಪ್ಪನ ಟಂಟಂ ಗಾಡಿ ಕರೆಸಿ, ನಳದಲ್ಲಿ ಹೆಂಗಸರು ತುಂಬಿರುವ ಹೊತ್ತಿಗೇ ಮಷಿನ್ನನ್ನು ಅದರ ಮೇಲೆ ಏರಿಸಿದಳು. ಹಗ್ಗ ಬಿಗಿಸಿ, ಪಕ್ಕದಲ್ಲಿ ತಾನೂ ಕೂತು, ಎಲ್ಲರೂ ನೋಡುತ್ತಿರುವಂತೆ ಕೊಪ್ಪಳದ ದಾರಿ ಹಿಡಿದಳು.

ಶೆಡ್ಡಿನಲ್ಲಿ ಯಮನೂರಸಾಬ ಕೈಕಟ್ಟಿ ಕೂತಿದ್ದ. ಮೊದಲೆಲ್ಲ ಸಾಲುಗಟ್ಟಿರುತ್ತಿದ್ದ ಮಷಿನ್ನುಗಳ ಜಾಗದಲ್ಲಿ ಬರಿ ನೆಲ ಕಾಣುತ್ತಿತ್ತು.

“ಇದನ್ನ ನೀನ ಇಟಗೋ,” ಅಂದಳು ಹಂಪವ್ವ. “ಹೊಸಾದು ಯಾವುದು ತರಬೇಕು, ಅದನ್ನೂ ನೀನ ಹೇಳು. ಇದರಾಗ ತಾಮ್ರ ಎಷ್ಟೈತೋ ಅಷ್ಟೂ ನಿಂದ. ನಾ ತೂಗಿಲ್ಲ, ಗುರುತೂ ಹಾಕಿಲ್ಲ.”

ಅವನ ಮುಖ ಅರಳಲಿಲ್ಲ. “ಮಷಿನ್ ಇರ್ಲಿ ಬಿಡ್ರಿ. ಮೋಟರು ನಿಮ್ಮ ಮನ್ಯಾಗ ಇರ್ಲಿ. ಬಿಚ್ಚಿ ಕೊಡ್ತೀನಿ, ಒಯ್ರಿ.”

“ಯಾಕ, ತಾಮ್ರ ಬ್ಯಾಡೇನು?”

ಅವನು ಸ್ಕ್ರೂಡ್ರೈವರ್ ಎತ್ತಿಕೊಂಡು ಮತ್ತೆ ಕೆಳಗಿಟ್ಟ. ಹಂಪವ್ವನ ಹಳೆ ಹುಳ ಮತ್ತೆ ತಲೆಯೆತ್ತಿತು. ಇನ್ನೂ ಏನೋ ಇದೆ.

“ಮೋಟರು ಬಿಚ್ಚು.”

“ಬ್ಯಾಡ್ರಿ ಯವ್ವಾ.”

“ಬಿಚ್ಚು ಅಂದ್ನಿ.”

ಅವನು ನಿಧಾನವಾಗಿ ಮೋಟರಿನ ಮುಚ್ಚಳ ತೆಗೆದ. ಒಳಗೆ ಸುತ್ತಿದ್ದ ತಂತಿ ಕೆಂಪಗೆ, ಹೊಸ ಕೊಡದ ಬಣ್ಣದಲ್ಲಿ ಹೊಳೆಯುತ್ತಿತ್ತು. ಹಂಪವ್ವನಿಗೆ ಸಮಾಧಾನವಾಯಿತು. ತನ್ನ ತಾಮ್ರ ಇದ್ದಲ್ಲೇ ಇದೆ. ಯಮನೂರಸಾಬ ಒಂದು ಎಳೆ ಕತ್ತರಿಸಿ, ಬ್ಲೇಡಿನಿಂದ ಅದರ ಮೈಯನ್ನು ಎರಡು ಸಲ ಕೆರೆದ. ಕೆಂಪು ಪುಡಿಯಾಗಿ ಉದುರಿತು. ಒಳಗಿನ ತಂತಿ ಬೆಳ್ಳಗಿತ್ತು.

“ಅಲ್ಯೂಮಿನಿಯಮ್ಮು,” ಅಂದ ಅವನು. “ಮ್ಯಾಲಿಂದು ಬರೇ ಬಣ್ಣ. ಮೊದಲಿಂದ ಹಿಂಗ ಐತ್ರಿ.”

ಹಂಪವ್ವ ತಂತಿಯನ್ನು ಕೈಗೆ ತೆಗೆದುಕೊಂಡಳು. “ನಿನಗ ಯಾವಾಗಿಂದ ಗೊತ್ತು?”

“ಮೊದಲನೇ ಸಲ ಬಿಚ್ಚಿದಾಗಿಂದ. ನೀವು ಸ್ಕ್ರೂ ಎಣಸೋ ಮುಂದ ಮೋಟರಿನ ವಾಯರ್ ತುದಿ ಕೆರದೆ, ಬೆಳ್ಳಗ ಕಂಡ್ತು. ಹನ್ನೊಂದು ವರ್ಷಾತ್ರಿ.”

“ಊರೆಲ್ಲ ನಿನ್ನ ಕಳ್ಳ ಅಂದಾಗಾದ್ರೂ ಹೇಳಬಾರದಿತ್ತೇನು?”

“ಹೆಂಗ ಹೇಳಲಿ? ಎಮ್ಮಿ ಮಾರಿ ತಂದದ್ದು, ಎರಡ ಸಲ ಓಡಿಸಿ ತಂದೀನಿ ಅಂತ ಬಂದಾಗೊಮ್ಮೆ ಹೇಳತಿದ್ರಿ. ಮತ್ತ ಈಗ ಹೇಳಿದ್ರ ನಾನ ತಾಮ್ರ ತಗದು ಇದನ್ನ ಸುತ್ತೀನಿ ಅಂತಿದ್ರಿ. ಎರಡ ದಿನ ಮೋಟರು ನನ್ನ ಕಡೇನ ಇತ್ತು. ನಾ ಮಾಡಿಲ್ಲ ಅನ್ನಾಕ ನನ್ನ ಹತ್ರ ಸಾಕ್ಷಿ ಇಲ್ಲ.”

ಸಾಕ್ಷಿ ಇರಲಿಲ್ಲ, ನಿಜ. ಹಂಪವ್ವ ಸ್ಟೂಲಿನ ಮೇಲೆ ಕೂತಳು. ಎರಡು ದಿನದಲ್ಲಿ ತಂತಿ ಬದಲಿಸಬಹುದು. ಬದಲಿಸಿ, ಬಣ್ಣ ಬಳಿದು, ಈಗ ತಲೆ ತಗ್ಗಿಸಿ ನಿಲ್ಲಬಹುದು. ಅಥವಾ ಅವನು ಹೇಳಿದ್ದೇ ನಿಜವಿರಬಹುದು. ತೂಗಲು ಇಲ್ಲಿ ತಕ್ಕಡಿಯಿಲ್ಲ, ಹಿಂಡಿಸಿ ನೋಡಲು ಎರಡನೆಯ ಹೊತ್ತಿಲ್ಲ. ಆಗ ಅವಳಿಗೆ ಹದಿನಾಲ್ಕು ವರ್ಷದ ಹಿಂದಿನ ಅಂಗಡಿಯವನು ನೆನಪಾದ, ಎದೆ ಮೇಲೆ ಕೈಯಿಟ್ಟು, ಯಾರೂ ಕೇಳದೆ ಇರುವಾಗ, ನನ್ನ ಮಕ್ಕಳಾಣೆ ಅಂದವನು. ಎದುರಿಗೆ ನಿಂತವನು ಊರೇ ಕಳ್ಳ ಅಂದರೂ ಒಂದು ಆಣೆ ಮಾಡಿರಲಿಲ್ಲ. ಅಪ್ಪ ಹೇಳಿದ್ದ ಮೂರು ಮಾತಿನಲ್ಲಿ ಎರಡನ್ನು ಅವಳು ಜೀವನವಿಡೀ ಪಾಲಿಸಿದ್ದಳು. ಬೇಕಾಗಿದ್ದ ದಿನ ಮರೆತದ್ದು ನಡುವಿನದೊಂದನ್ನೇ.

ಅವಳ ಕಣ್ಣು ತುಂಬಿತು. ಎಮ್ಮೆಯ ನೆನಪಿಗೋ, ಅಪ್ಪನ ನೆನಪಿಗೋ, ಈ ಮನುಷ್ಯನಿಗೆ ತಾನು ಮಾಡಿದ್ದಕ್ಕೋ ಅವಳಿಗೇ ಗೊತ್ತಾಗಲಿಲ್ಲ.

“ಈ ತಂತಿ ಕೊಡು,” ಅಂದಳು.

“ಯಾಕ್ರಿ? ಇದನ್ನ ಯಾರ ಮುಂದೂ ತೋರಸಬ್ಯಾಡ್ರಿ ಯವ್ವಾ. ನಿಮ್ಮ ಮರ್ಯಾದಿ ಹೋಗ್ತೈತಿ.”

“ಹೋಗ್ಲಿ,” ಅಂದು ಅವಳು ತಂತಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಒಂದು ದಿನ ಬಿಟ್ಟು ಮತ್ತೆ ನಳ ಬಂತು. ಹೆಂಗಸರೆಲ್ಲ ಸೇರಿದ ಮೇಲೆ ಹಂಪವ್ವ ಸೆರಗು ಬಿಚ್ಚಿ, ಆ ಎಳೆಯನ್ನು ಹಸನಬೀಯ ಕೈಗೆ ಕೊಟ್ಟು, ಉಗುರಿನಿಂದ ಕೆರೆ ಎಂದಳು. ಉಗುರಿಗೆ ಬರಲಿಲ್ಲ. ಕಟ್ಟೆಯ ಕಲ್ಲಿಗೆ ಉಜ್ಜಿದಾಗ ಬೆಳ್ಳಗಾಯಿತು.

“ಅಯ್ಯ, ಅಂವ ತಾಮ್ರ ತಗದು ಇದನ್ನ ಹಾಕ್ಯಾನ,” ಅಂದಳು ಫಕೀರಮ್ಮ.

“ಅಂವ ಹಾಕಿಲ್ಲ. ಅಂಗಡ್ಯಾಂವ ಹಾಕ್ಯಾನ, ಹದಿನಾಲ್ಕು ವರ್ಷದ ಹಿಂದ. ನಾ ಎಮ್ಮಿ ಕೊಟ್ಟು ಅಲ್ಯೂಮಿನಿಯಮ್ ತಂದೀನಿ. ಎರಡ ಸಲ ಓಡಿಸಿ ನೋಡಿ, ಎಲ್ಲಾ ತಿಳಿದಾಕಿ ಅಂತ ಮೆರದು, ಟೋಪಿ ಹಾಕಿಸಿಕೊಂಡು ಬಂದೀನಿ. ವಿರುಪಣ್ಣನ ಮಗಳಿಗೆ ಮೋಸ ಆಗೈತಿ. ಇದರಾಗ ತಾಮ್ರ ಒಂದು ಗುಲಗಂಜಿಯಷ್ಟೂ ಇರಲಿಲ್ಲ. ಇಲ್ಲದ್ದನ್ನ ಯಮನೂರಸಾಬ ಹೆಂಗ ಕದೀತಾನ?”

ಯಾರೂ ನಗಲಿಲ್ಲ. ನಳದ ನೀರು ತುಂಬಿದ ಕೊಡದಿಂದ ಹೊರಗೆ ಚೆಲ್ಲುತ್ತಿದ್ದರೂ ಯಾರೂ ಅದನ್ನು ಸರಿಸಲಿಲ್ಲ. ಹಂಪವ್ವ ಲಂಚ ತಿಂದಳೆಂದು ನಂಬಬಹುದು. ಯಾರದೋ ಸಲುವಾಗಿ ಸುಳ್ಳು ಹೇಳಿದಳೆಂದೂ ನಂಬಬಹುದು. ಆದರೆ ತನಗೆ ಟೋಪಿ ಬಿದ್ದಿದೆ ಎಂದು ಹಂಪವ್ವ ತನ್ನ ಬಾಯಿಂದ ಸುಳ್ಳು ಹೇಳುತ್ತಾಳೆ ಎಂಬುದನ್ನು ಗಿಣಿಗೇರಾದಲ್ಲಿ ಯಾರೂ ನಂಬುವಂತಿರಲಿಲ್ಲ.

ಹಸನಬೀ ತಂತಿಯನ್ನು ಅವಳ ಕೈಗೆ ವಾಪಸು ಕೊಟ್ಟಳು. “ಅಂವ ಬಂದ್ರ ನಮ್ಮನಿಗೂ ಕಳಿಸು, ಹಂಪಕ್ಕ. ಮಷಿನ್ ಬಿಚ್ಚಿದಲ್ಲೇ ಬಿದ್ದೈತಿ,” ಅಂದಳು.

ಮುಂದಿನ ವಾರ ಯಮನೂರಸಾಬ ಆರಿಸಿದ ಹೊಸ ಮಷಿನ್ ಎಮ್ಮೆಯ ಜಾಗಕ್ಕೆ ಬಂತು. ಎರಡು ಸಲ ಓಡಿಸಿ ತೋರಿಸಲೇ ಎಂದು ಅಂಗಡಿಯವನು ತಾನಾಗಿಯೇ ಕೇಳಿದ್ದ, ಹಂಪವ್ವ ಬೇಡ ಅಂದಿದ್ದಳು. ತಕ್ಕಡಿ ಮಾತ್ರ ತೊಲೆಯಲ್ಲಿ ಹಾಗೇ ಇದೆ, ಗ್ಯಾಸಿನ ಗಾಡಿಯವನಿಗೆ ಇನ್ನೂ ಬಿಡುಗಡೆಯಾಗಿಲ್ಲ.

ಸಂಜೆ ಪರಮೇಶ ಪಾಳಿ ಮುಗಿಸಿ ಬಂದು ಅರಿವೆ ಬಿಚ್ಚಿಟ್ಟಾಗ ಸುನಿತಾ ಅತ್ತೆಯ ಮುಖ ನೋಡಿದಳು.

“ಝಾಡಿಸಿ ಹಾಕು,” ಅಂದಳು ಹಂಪವ್ವ.

ಹಿತ್ತಲ ಗೋಡೆಗೆ ಅರಿವೆ ಬಡಿಯುವ ಸಪ್ಪಳ ಕೇಳತೊಡಗಿತು. ಹಂಪವ್ವ ಮೊರ ಹಿಡಿದು, ಹಿತ್ತಲಿಗೆ ಬೆನ್ನು ಮಾಡಿ ಕೂತು, ಮರುದಿನದ ಜೋಳ ಹಸನು ಮಾಡಿದಳು.